‘ಅವರ ರಕ್ತವೇ ಹಾಗಾ?’

ನಾನು ಅಮೆರಿಕದಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಗೆಡ್ಡೆಗಳ ಡಿಎನ್ಎ ಓದುವ ಕೆಲಸ ಮಾಡುತ್ತೇನೆ. ಇದು ಗೊತ್ತಾದರೆ ಸಾಕು, ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಅದೇ ಪ್ರಶ್ನೆ. ಹೋದ ಯುಗಾದಿಗೆ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳಿದರು: "ಕರಿಯರಿಗೆ ಜಾಸ್ತಿಯಂತೆ. ಅವರ ರಕ್ತವೇ ಹಾಗಾ? ನಮ್ಮವರಿಗೆ ಬರಲ್ಲ ಅಲ್ವಾ?"

ಈ ‘ರಕ್ತ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಟಿಎಂಪಿಆರ್‌ಎಸ್‌ಎಸ್2, ಇಆರ್‌ಜಿ ಎಂಬ ಎರಡು ಜೀನ್‌ಗಳು 21ನೇ ಕ್ರೋಮೋಸೋಮಿನಲ್ಲಿವೆ. ಕೆಲವು ಗೆಡ್ಡೆಗಳಲ್ಲಿ ಇವು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಮೊದಲನೆಯದು ಗಂಡಸರ ಹಾರ್ಮೋನ್ ಹೇಳಿದಂತೆ ಕೇಳುವ ಜೀನ್, ಅದರ ಸಹವಾಸಕ್ಕೆ ಬಿದ್ದ ಎರಡನೆಯದೂ ಹಾಗೇ ಕುಣಿಯತೊಡಗುತ್ತದೆ. 2005ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಇದನ್ನು ಕಂಡರು. ಬಿಳಿಯರ ಗೆಡ್ಡೆಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇದು ಇರುತ್ತದೆ, ಅಮೆರಿಕದ ಕಪ್ಪು ಜನರಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ.

ಆದರೆ ಅಲ್ಲಿ ಕಪ್ಪು ಗಂಡಸರು ಈ ರೋಗದಿಂದ ಬಿಳಿಯರ ಸುಮಾರು ಎರಡು ಪಟ್ಟು ಸಾಯುತ್ತಾರಲ್ಲ, ಅದಕ್ಕೆಲ್ಲ ಜೀನನ್ನೇ ಹೊಣೆ ಮಾಡಬೇಡಿ. ಎಲ್ಲರಿಗೂ ಒಂದೇ ಥರ ಚಿಕಿತ್ಸೆ ಸಿಗುವ ಮಾಜಿ ಸೈನಿಕರ ಆಸ್ಪತ್ರೆಗಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದರು. ರೋಗ ಒಂದೇ ಹಂತದಲ್ಲಿದ್ದಾಗ ಕಪ್ಪು ಜನ ಅದರಿಂದ ಹೆಚ್ಚು ಸಾಯುತ್ತಿರಲಿಲ್ಲ! ಇನ್ಶೂರೆನ್ಸ್ ಇಲ್ಲದೆ ತಡವಾಗಿ ಡಾಕ್ಟರ ಹತ್ತಿರ ಹೋದದ್ದಕ್ಕೆ ರಕ್ತ ಏನು ಮಾಡೀತು?

ನನ್ನನ್ನು ಕೇಳಬೇಕಾದದ್ದು ಬೇರೆ: ‘ಯಾರ ಗೆಡ್ಡೆ ಓದಿ ಇದನ್ನೆಲ್ಲ ಹೇಳ್ತಿದ್ದೀರಿ?’ 2015ರಲ್ಲಿ ಅಮೆರಿಕದಲ್ಲಿ 333 ಗೆಡ್ಡೆಗಳನ್ನು ಓದಿ, ಅವುಗಳಲ್ಲಿ ಕೆಟ್ಟಿರುವ ಜೀನ್‌ಗಳ ಒಂದು ದೊಡ್ಡ ಪಟ್ಟಿ ಮಾಡಿದರು. ಬಹುಪಾಲು ಬಿಳಿಯರವು. 2020ರಲ್ಲಿ ಚೀನಾದ 208 ಜನರ ಗೆಡ್ಡೆ ಓದಿದಾಗ ಶೇ 41ರಲ್ಲಿ ಫಾಕ್ಸ್‌ಎ1 ಜೀನ್ ಕೆಟ್ಟಿತ್ತು. ಹಳೆಯ ಪಟ್ಟಿಯಲ್ಲಿ ಅದು ಒಂದು ಮೂಲೆಯಲ್ಲಿತ್ತು ಅಷ್ಟೆ. ನಮ್ಮ ದೇಶದವರ ಗೆಡ್ಡೆಗಳಂತೂ ಈ ದೊಡ್ಡ ಪಟ್ಟಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ‘ನಮ್ಮವರಿಗೆ ಬರಲ್ಲ’ ಅಂತ ಯಾವ ಬಾಯಿಂದ ಹೇಳಲಿ? ಬರುತ್ತದೆ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಸುಮಾರು ಎರಡು ಪಟ್ಟು ಹೆಚ್ಚು ಅಪಾಯ.

ಇಷ್ಟನ್ನೂ ಅವರಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಅಂದರು, "ನಮ್ಮಣ್ಣನಿಗೆ ಆಗಿತ್ತು." ಪಿಎಸ್‌ಎ ಟೆಸ್ಟ್ (ಈ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ) ಮಾಡಿಸಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು.