ಸಿಪಿಯು ಖಾಲಿ ಇದ್ದರೂ ಸರ್ವಿಸ್ ಯಾಕೆ ನಿಧಾನ?

ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ನಾವು ನೋಡಿಕೊಳ್ಳುವುದು ಲಾರಿ ಬುಕಿಂಗ್ ಸಾಫ್ಟ್‌ವೇರ್. ಮೆಣಸಿನಕಾಯಿ ಸೀಸನ್ ಬಂತೆಂದರೆ ಬ್ಯಾಡಗಿ ಕಡೆಯ ಬುಕಿಂಗ್ ಒಮ್ಮೆಲೇ ಏರುತ್ತದೆ. ಅಂಥ ಒಂದು ಮಧ್ಯಾಹ್ನ ಬಾಡಿಗೆ ದರ ಹೇಳುವ ಸರ್ವಿಸ್ ತಡವರಿಸತೊಡಗಿತು. ಟೀಮಿನ ಹುಡುಗ ಗ್ರಾಫ್ ತೋರಿಸಿ, "ಸಿಪಿಯು 30 ಪರ್ಸೆಂಟ್ ಅಷ್ಟೇ ಐತ್ರಿ ಸರ್, ಮತ್ತ್ಯಾಕ ಸ್ಲೋ ಆಗಾಕತ್ತೈತಿ?" ಎಂದ. ಕೇಳಲೇಬೇಕಾದ ಪ್ರಶ್ನೆ.

ಆ ಗ್ರಾಫ್ ಒಂದು ನಿಮಿಷದ ಸರಾಸರಿ. ಸರ್ವರ್ ಓಡಿಸುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಲೆಕ್ಕ ಇಡುವುದು ಹಾಗಲ್ಲ. ಸರ್ವಿಸ್‌ಗಳನ್ನು ಮಷೀನುಗಳಿಗೆ ಹಂಚಿ ನಡೆಸುವ ಕುಬರ್ನೆಟಿಸ್‌ನಲ್ಲಿ ಕಂಟೈನರಿಗೆ (ಸರ್ವಿಸ್ ಓಡುವ ಪ್ರತ್ಯೇಕ ಡಬ್ಬಿ ಅನ್ನಿ) 1 ಸಿಪಿಯು ಲಿಮಿಟ್, ಅಂದರೆ ಗರಿಷ್ಠ ಮಿತಿ ಹಾಕಿದರೆ, ಪ್ರತಿ 100 ಮಿಲಿಸೆಕೆಂಡಿಗೆ 100 ಮಿಲಿಸೆಕೆಂಡಿನಷ್ಟು ಸಿಪಿಯು ಸಿಗುತ್ತದೆ. ನಮ್ಮ ಸರ್ವಿಸ್‌ನಲ್ಲಿ 4 ಥ್ರೆಡ್, ಅಂದರೆ ಒಟ್ಟಿಗೆ ಓಡಬಲ್ಲ ಕೆಲಸದ ಎಳೆಗಳು. ನಾಲ್ಕೂ ಒಟ್ಟಿಗೆ ಓಡಿದರೆ 25 ಮಿಲಿಸೆಕೆಂಡಿನಲ್ಲೇ ಪಾಲು ಖರ್ಚು. ಉಳಿದ 75 ಮಿಲಿಸೆಕೆಂಡ್ ಎಲ್ಲವೂ ಸುಮ್ನೆ ನಿಲ್ಲಬೇಕು, ಪಕ್ಕದಲ್ಲಿ ಸಿಪಿಯು ಖಾಲಿ ಬಿದ್ದಿದ್ದರೂ! ಬುಕಿಂಗ್‌ಗಳು ಗುಂಪಾಗಿ ಬಂದಾಗ ಹೀಗೆ ನಿಂತು ನಿಂತು ಓಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಸರಾಸರಿ ತೆಗೆದರೆ ಅದೇ 30. ಕಂಟೈನರಿನ ಸಿಪಿಯು.ಸ್ಟ್ಯಾಟ್ ಫೈಲ್ ತೆರೆದು ನೋಡಿದೆವು. ಎಷ್ಟು ಸಲ ತಡೆದು ನಿಲ್ಲಿಸಲಾಗಿದೆ ಎಂಬ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು.

ಉತ್ತರ ಕೊಡುವ ಸಮಯಕ್ಕೂ ಇದೇ ಮಾತು. ಚೀಲ ತುಂಬಿಸಿಟ್ಟು ಲಾರಿಗೆ ಕಾಯುವ ವ್ಯಾಪಾರಿಗೆ ನಮ್ಮ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಅದಕ್ಕೇ ಪಿ99 ನೋಡಬೇಕು. ಅಂದರೆ 100ರಲ್ಲಿ 99 ಬೇಡಿಕೆಗಳು ಎಷ್ಟು ಸಮಯದೊಳಗೆ ಮುಗಿದವು ಅಂತ. ಉಳಿದ ಒಂದು ತಾನೇ ಎನ್ನುವಂತಿಲ್ಲ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಬರೆದ ಲೆಕ್ಕ ನೋಡಿ: ಪ್ರತಿ ಸರ್ವರ್ 100ಕ್ಕೆ ಒಮ್ಮೆ ಮಾತ್ರ ನಿಧಾನ, ಆದರೆ ಒಂದು ಬೇಡಿಕೆಗೆ 100 ಸರ್ವರ್‌ಗಳ ಉತ್ತರ ಬೇಕು ಅಂದರೆ, 100ರಲ್ಲಿ 63 ಬೇಡಿಕೆಗಳು ನಿಧಾನ. ನಮ್ಮಂತೆ 10 ಸರ್ವಿಸ್ ದಾಟಿ ಹೋಗುವ ಬುಕಿಂಗ್‌ನಲ್ಲೂ ಸುಮಾರು 10ಕ್ಕೆ ಒಂದು ತಡ. ಅದು ಜಾಸ್ತಿನೇ ಅಲ್ವಾ?

ಪಾಡ್, ಅಂದರೆ ಸರ್ವಿಸ್‌ನ ಓಡುವ ಪ್ರತಿಗಳನ್ನು ಹೆಚ್ಚಿಸೋಣ ಎಂಬ ಮಾತು ಬಂತು. ಬಿಲ್ ಏರುತ್ತದೆ, ಹೊಸ ಪಾಡಿಗೂ ಅದೇ ಲಿಮಿಟ್. ಮಷೀನಿನಲ್ಲಿ ಬಿಡುವಿತ್ತು, ಹಾಗಾಗಿ ರಿಕ್ವೆಸ್ಟ್ (ಕಂಟೈನರಿಗೆಂದು ಕಾದಿರಿಸುವ ಸಿಪಿಯು) ಮುಟ್ಟದೆ ಲಿಮಿಟ್ ಮಾತ್ರ 2ಕ್ಕೆ ಏರಿಸಿದೆವು. ಪಾಡಿಗೆ ಜಾಗ ಹುಡುಕುವಾಗ ಕುಬರ್ನೆಟಿಸ್ ನೋಡುವುದು ರಿಕ್ವೆಸ್ಟನ್ನು. ಆದ್ದರಿಂದ ಹೊಸ ಮಷೀನ್ ಬೇಕಾಗಲಿಲ್ಲ, ಪಿ99 ಇಳಿಯಿತು. ಆದರೆ ಮಷೀನೇ ತುಂಬಿದ್ದರೆ ಹೀಗೆ ಮಾಡಬೇಡಿ. ಪಕ್ಕದ ಸರ್ವಿಸ್ ಸೊರಗುತ್ತದೆ. ಅಲ್ಲಿ ಥ್ರೆಡ್ ಕಡಿಮೆ ಮಾಡಿ ನೋಡುವುದೇ ವಾಸಿ.