ಗಾಜಿನ ಸಿರಿಂಜು ಸೋರದಂತೆ ಮಾಡಿದವರು

ನಾನು ಅರಿವಳಿಕೆ ಡಾಕ್ಟರು. ಥಿಯೇಟರಿನಲ್ಲಿ ಬೆಳಗಿಂದ ಸಂಜೆವರೆಗೆ ಪ್ಲಾಸ್ಟಿಕ್ ಸಿರಿಂಜು ಬಿಚ್ಚೋದು, ಬಳಸೋದು, ಬಿಸಾಡೋದು. ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್) ಹಾಕುವಾಗ ಮಾತ್ರ ನನಗೆ ಗಾಜಿನದ್ದೇ ಬೇಕು. ಹೊಸದಾಗಿ ಸೇರಿದ ಹುಡುಗರು "ಮೇಡಂ, ಇದನ್ನ ಇನ್ನೂ ಇಟ್ಕೊಂಡಿದೀರಾ?" ಅಂತ ನಗುತ್ತಾರೆ.

ನಗಲಿ. ಬೆನ್ನುಮೂಳೆಗಳ ನಡುವೆ ಸೂಜಿ ಇಳಿಸುವಾಗ ನಮಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಸೂಜಿಯ ಹಿಂದೆ ಸಿರಿಂಜು ಸಿಕ್ಕಿಸಿ ಪ್ಲಂಜರ್ (ಸಿರಿಂಜಿನೊಳಗೆ ತಳ್ಳುವ ದಂಡ) ಒತ್ತುತ್ತಾ ಹೋಗಬೇಕು. ಗಟ್ಟಿ ನಾರಿನ ಪದರದಲ್ಲಿ ಇರುವಷ್ಟು ಹೊತ್ತು ಪ್ಲಂಜರ್ ಬೆರಳಿಗೆ ವಾಪಸ್ ಪುಟಿಯುತ್ತದೆ. ಪದರ ದಾಟಿದ ಕೂಡಲೇ ಸರ್ರನೆ ಒಳಗೆ ಹೋಗುತ್ತದೆ. 1930ರ ದಶಕದಲ್ಲಿ ಇಟಲಿಯ ಡಾಕ್ಟರು ಡೊಲಿಯೊಟ್ಟಿ ಈ ವಿಧಾನವನ್ನು ಬಳಕೆಗೆ ತಂದರು. ಮಾಮೂಲಿ ಪ್ಲಾಸ್ಟಿಕ್ ಸಿರಿಂಜಿನಲ್ಲಿ ರಬ್ಬರ್ ತುದಿ ಮೊದಲು ಕಚ್ಚಿಕೊಂಡು ಆಮೇಲೆ ಜಾರುತ್ತದೆ. ಆ ಕಚ್ಚುವಿಕೆಯೇ ನಾರಿನ ತಡೆ ಇರಬಹುದಾ ಅಂತ ಬೆರಳಿಗೆ ಗೊಂದಲ. ಗಾಜಿನಲ್ಲಿ ಆ ರಗಳೆ ಇಲ್ಲ. ಒದ್ದೆ ಮಾಡಿ ನೆಟ್ಟಗೆ ಹಿಡಿದರೆ ಪ್ಲಂಜರ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತದೆ. ಮೂತಿಗೆ ಬೆರಳು ಒತ್ತಿದರೆ ಅಲ್ಲೇ ನಿಲ್ಲುತ್ತದೆ. ಇಷ್ಟು ಸಲೀಸಾಗಿ ಜಾರಬೇಕು, ಆದರೂ ಸೋರಬಾರದು. ಇದನ್ನು ಸಾಧಿಸೋಕೆ ನಲವತ್ತು ವರ್ಷ ಹಿಡಿಯಿತು.

ಸಿರಿಂಜಿನ ಕಥೆ ಹೇಳುವವರು ಹೆಚ್ಚಾಗಿ 1853ರಿಂದಲೇ ಶುರು ಮಾಡುತ್ತಾರೆ. ಫ್ರಾನ್ಸಿನ ಲಿಯೋನ್‌ನಲ್ಲಿ ಪ್ರವಾಜ್, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಅಲೆಕ್ಸಾಂಡರ್ ವುಡ್. ಹೆಸರು ಈ ಡಾಕ್ಟರುಗಳದ್ದು, ಕೈಕೆಲಸ ಬೇರೆಯವರದ್ದು. ಪ್ರವಾಜ್‌ಗೆ ಮಾಡಿಕೊಟ್ಟವರು ಪ್ಯಾರಿಸಿನಲ್ಲಿ ಆಪರೇಷನ್ ಸಾಮಾನು ಮಾಡುತ್ತಿದ್ದ ಶಾರಿಯೇರ್. ಅದು ಬೆಳ್ಳಿಯದು, ಪಿಸ್ಟನ್ ಒತ್ತುವಂಥದ್ದಲ್ಲ, ಸ್ಕ್ರೂ ತಿರುಗಿಸುವಂಥದ್ದು. ಪಾಪ, ಪ್ರವಾಜ್ ಅದೇ ವರ್ಷ ತೀರಿಕೊಂಡರು. ವುಡ್ ಕೈಗೆ ಸಿಕ್ಕಿದ್ದು ಗಾಜಿನ ಸಿರಿಂಜು. ಲಂಡನ್ನಿನ ಗಿಲ್ಟ್‌ಸ್ಪರ್ ಬೀದಿಯ ಫರ್ಗ್ಯುಸನ್ ಅದನ್ನು ಮಾಡಿದ್ದು ಹುಟ್ಟು ಮಚ್ಚೆಗೆ ಔಷಧಿ ಹಾಕಲಿಕ್ಕೆ. ವುಡ್ ಅದರಲ್ಲಿ ಮಾರ್ಫಿನ್ ತುಂಬಿ, ನರದ ನೋವಿನಿಂದ ಒದ್ದಾಡುತ್ತಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ಚುಚ್ಚಿದರು. ಮಾರ್ಫಿನ್ ಕರಗಿಸಿದ್ದು ಶೆರ್ರಿ ವೈನಿನಲ್ಲಿ! ನೀರಾದರೆ ಲೋಹದ ಭಾಗ ತುಕ್ಕು ಹಿಡಿಯುತ್ತದೆ ಅನ್ನೋ ಲೆಕ್ಕಾಚಾರ. (ವುಡ್ ಹೆಂಡತಿ ಮಾರ್ಫಿನ್ ಜಾಸ್ತಿಯಾಗಿ ಸತ್ತರು ಅಂತ ಒಂದು ಕಥೆ ಓಡಾಡುತ್ತದೆ. ನಂಬಬೇಡಿ. ಗಂಡ ಸತ್ತ ಮೇಲೂ ಆಕೆ ಬದುಕಿದ್ದರು.)

ಆ ಕಾಲದ ಸಿರಿಂಜುಗಳ ದೊಡ್ಡ ತಲೆನೋವು ಪಿಸ್ಟನ್. ಅದಕ್ಕೆ ಚರ್ಮ ಸುತ್ತುತ್ತಿದ್ದರು. ಚರ್ಮ ಒಣಗಿದರೆ ಸೋರುತ್ತದೆ, ನೆನೆದರೆ ಉಬ್ಬುತ್ತದೆ. ಕ್ರಿಮಿಗಳ ವಿಷಯ ಗೊತ್ತಾದ ಮೇಲೆ ಸಿರಿಂಜನ್ನು ಕುದಿಸಲೇಬೇಕಾಯಿತು. ಚರ್ಮ ಕುದಿಸಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ಕಲ್ನಾರನ್ನೂ ಬಳಸಿ ನೋಡಿದರು.

ಇದಕ್ಕೆ ಉತ್ತರ ಬಂದಿದ್ದು ಪ್ಯಾರಿಸಿನ ಲೂಯರ್ ಅಂಗಡಿಯಿಂದ. ಅಂಗಡಿ ಕಟ್ಟಿದವರು ಜರ್ಮನಿಯಿಂದ ಬಂದ ಲೂಯರ್. ಮುಂದೆ ಅದು ಮಗಳು, ಅಳಿಯನ ಕೈಗೆ ಬಂತು. 1890ರ ದಶಕದಲ್ಲಿ ಅವರು ತಂದದ್ದು ಪೂರ್ತಿ ಗಾಜಿನ ಸಿರಿಂಜು. ಚರ್ಮ ಇಲ್ಲ, ವಾಷರ್ ಇಲ್ಲ. ಗಾಜಿನ ನಳಿಗೆಯೊಳಗೆ ಗಾಜಿನದ್ದೇ ಪ್ಲಂಜರ್. ಎರಡನ್ನೂ ಒಂದಕ್ಕೊಂದು ಕೂರುವ ತನಕ ಅರೆದು ಅರೆದು ನಯ ಮಾಡುತ್ತಿದ್ದರು. ಪ್ಲಂಜರ್ ಮಂಜು ಕವಿದ ಹಾಗೆ ಕಾಣುವುದು ಅದಕ್ಕೇ. ನನ್ನ ಪ್ರಕಾರ ಇಡೀ ಕಥೆಯಲ್ಲಿ ನಿಜವಾದ ಜಾಣತನ ಇಲ್ಲಿದೆ. 1897ರಲ್ಲಿ ಅಮೆರಿಕದ ಬೆಕ್ಟನ್ ಮತ್ತು ಡಿಕಿನ್ಸನ್ ಜೊತೆಗೂಡಿ ಕಂಪನಿ ಶುರು ಮಾಡಿದಾಗ ಮೊದಲು ಮಾರಿದ್ದೂ ಲೂಯರ್ ಸಿರಿಂಜೇ. ಬೆಲೆ ಎರಡೂವರೆ ಡಾಲರ್.

ಅರೆದು ಕೂರಿಸಿದ್ದಕ್ಕೆ ಒಂದು ಪೇಚೂ ಇತ್ತು. ಒಂದು ನಳಿಗೆಗೆ ಒಂದೇ ಪ್ಲಂಜರ್. ಅದಕ್ಕೇ ಎರಡರ ಮೇಲೂ ಒಂದೇ ನಂಬರ್ ಕೊರೆಯುತ್ತಿದ್ದರು. ನಾನು ಓದುವಾಗ ನಮ್ಮ ಥಿಯೇಟರಿನಲ್ಲಿ ರಿಟೈರ್ ಆಗಲಿದ್ದ ಒಬ್ಬ ಸಿಸ್ಟರ್ ಇದ್ದರು. ಒಮ್ಮೆ ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಟ್ರೇಯಿಂದ ಎರಡು ಸಿರಿಂಜು ಜೋಡಿಸೋಕೆ ಹೊರಟಿದ್ದ ಹುಡುಗನ ಕೈ ತಡೆದು, "ನಂಬರ್ ನೋಡಪ್ಪಾ, ಸುಮ್ನೆ ತುರುಕಬೇಡ. ಸಿಕ್ಕಿಹಾಕಿಕೊಂಡ್ರೆ ಎರಡೂ ಹೋಗತ್ತೆ" ಅಂದರು. ಅವರು ವಾರ್ಡಿನಲ್ಲಿ ಕೆಲಸ ಶುರು ಮಾಡಿದಾಗ ದಿನಾ ಬೆಳಿಗ್ಗೆ ಇದೇ ಕೆಲಸವಂತೆ. ಬಳಸಿದ ಕೂಡಲೇ ತಣ್ಣೀರಲ್ಲಿ ತೊಳೆಯಬೇಕು, ರಕ್ತ ಒಣಗಿದರೆ ಪ್ಲಂಜರ್ ಅಲ್ಲಾಡಲ್ಲ. ನಳಿಗೆ, ಪ್ಲಂಜರ್ ಬೇರೆ ಬೇರೆ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ತಣ್ಣೀರಿನಿಂದಲೇ ಕಾಯಿಸಬೇಕು. ಸೂಜಿ ಮೊಂಡಾದರೆ ಕಲ್ಲಿನ ಮೇಲೆ ಮಸೆಯಬೇಕು. ಕೇಳಿಯೇ ನನಗೆ ಸುಸ್ತಾಯಿತು.

ಈ ನಂಬರ್ ಗೋಳನ್ನು ತಪ್ಪಿಸಿದ್ದು ಇಂಗ್ಲೆಂಡಿನ ಸ್ಮೆಥ್ವಿಕ್‌ನ ಚಾನ್ಸ್ ಬ್ರದರ್ಸ್, 1946ರಲ್ಲಿ. ಯಾವ ನಳಿಗೆಗೆ ಯಾವ ಪ್ಲಂಜರ್ ಹಾಕಿದರೂ ಕೂರುವಷ್ಟು ಕರಾರುವಾಕ್ಕಾಗಿ ಮಾಡಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಗಾಜು ಕೊಟ್ಟ ಕಂಪನಿ ಅದು. ಆದರೆ ಅಷ್ಟರಲ್ಲಿ ಗಾಜಿನ ಕಾಲ ಮುಗಿಯುತ್ತಾ ಬಂದಿತ್ತು. ಬಳಸಿ ಬಿಸಾಡುವ ಸಿರಿಂಜು ಹಿಂದೆಯೇ ಬಂತು.

ಬಂದಿದ್ದು ಒಳ್ಳೆಯದೇ ಆಯಿತು. ಈಜಿಪ್ಟಿನಲ್ಲಿ 1980ರ ದಶಕದವರೆಗೂ ಬಸವನಹುಳುವಿನಿಂದ ಹರಡುವ ಒಂದು ಹುಳದ ಕಾಯಿಲೆಗೆ ಸರ್ಕಾರವೇ ಊರೂರಿನಲ್ಲಿ ಇಂಜೆಕ್ಷನ್ ಹಾಕಿಸುತ್ತಿತ್ತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೇ ಒಬ್ಬರಿಂದ ಒಬ್ಬರಿಗೆ ಬಳಸಿದ್ದರಿಂದ ಹೆಪಟೈಟಿಸ್ ಸಿ ದೇಶದ ತುಂಬಾ ಹರಡಿತು. ತಪ್ಪು ಗಾಜಿನದ್ದಲ್ಲ ನಿಜ. ಆದರೆ ನೂರಾರು ಜನ ಕ್ಯೂ ನಿಂತಿರುವಾಗ ಪ್ರತಿಸಲ ಇಪ್ಪತ್ತು ನಿಮಿಷ ಕುದಿಸುವ ತಾಳ್ಮೆ ಯಾರಿಗಿರುತ್ತದೆ?

ಇಷ್ಟೆಲ್ಲ ಆದರೂ ಲೂಯರ್ ಸಿರಿಂಜಿನ ಮೂತಿ, ಅಂದರೆ ಸೂಜಿ ಸಿಕ್ಕಿಸುವ ತುದಿ, ಮಾತ್ರ ಉಳಿದುಕೊಂಡಿದೆ. 100 ಮಿ.ಮೀ. ಉದ್ದಕ್ಕೆ 6 ಮಿ.ಮೀ. ಸಣ್ಣಗಾಗುವ ಆ ಓರೆಯನ್ನೇ ಇವತ್ತಿನ ಪ್ಲಾಸ್ಟಿಕ್ ಸಿರಿಂಜು, ಡ್ರಿಪ್ ಸೆಟ್ಟು, ಸ್ಟಾಪ್‌ಕಾಕ್ (ಡ್ರಿಪ್ಪಿನ ಪುಟ್ಟ ನಲ್ಲಿ) ಎಲ್ಲದರಲ್ಲೂ ನೋಡಬಹುದು. ಎಲ್ಲಕ್ಕೂ ಎಲ್ಲವೂ ಕೂರುವುದೇ ಈಗ ನಮಗೆ ಭಯ. ರಕ್ತನಾಳಕ್ಕೆ ಹೋಗಬೇಕಾದ ಔಷಧಿ ಬೆನ್ನಿಗೆ, ಬೆನ್ನಿನದ್ದು ರಕ್ತನಾಳಕ್ಕೆ ಹೋಗಿ ಜೀವ ಹೋದದ್ದಿದೆ. ಅದಕ್ಕೇ ಬೆನ್ನಿನ ಸೂಜಿಗಳಿಗೆ ಅಂತ ಬೇರೆಯದೇ, ಸ್ವಲ್ಪ ಸಣ್ಣ ಮೂತಿಯ ಅಳತೆ 2016ರಲ್ಲಿ ಬಂದಿದೆ. ನಮ್ಮ ಥಿಯೇಟರಿಗೆ ಅದಿನ್ನೂ ಬಂದಿಲ್ಲ. ಬಂದ ದಿನ ನನ್ನ ಹಳೇ ಗಾಜಿನ ಸಿರಿಂಜು ಹೊಸ ಸೂಜಿಗೆ ಕೂರುವುದಿಲ್ಲ. ಆಗ ಹುಡುಗರ ಹತ್ತಿರ ಹೊಸ ಮೂತಿಯ ಪ್ಲಾಸ್ಟಿಕ್ ಸಿರಿಂಜನ್ನೇ ಕೇಳಿ ಇಸ್ಕೊಳ್ಳಬೇಕು.