ಆರ್‌ಝಡ್ ಮುಗಿಯಿತು, ಸಿಬಿ750 ಇನ್ನೂ ಮೇಜಿನ ಮೇಲಿದೆ

ಜೂನ್, ಮೊದಲ ವಾರ

ಮೂರು ಡಬ್ಬಿ ಒಟ್ಟಿಗೆ ತೆರೆದಿದ್ದೇನೆ. ಮೂರೂ ಮೋಟಾರ್‌ಸೈಕಲ್ ಕಿಟ್, ಅಂದರೆ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ, ಬಣ್ಣ ಹೊಡೆದು ಮಾಡುವ ಪುಟ್ಟ ಮಾದರಿ. ಮೂರೂ 1/12 ಅಳತೆ. ಎರಡು ಮೀಟರ್ ಉದ್ದದ ಬೈಕು ಈ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಮೊದಲನೆಯದು ಜಪಾನಿನ ತಮಿಯಾ ಕಂಪನಿಯ ಯಮಹಾ ಆರ್‌ಝಡ್350. ಎರಡನೆಯದು ಹೋಂಡಾ ಸಿಬಿ750 ಫೋರ್, ತುಂಬ ಹಳೆಯ ಅಚ್ಚಿನದು. ಯಾರು ಮಾಡಿದ್ದು ಅನ್ನೋದು ಇಲ್ಲಿ ಬೇಡ. ಮೂರನೆಯದು ಅಗ್ಗದ ರೇಸ್ ಬೈಕು, ಡಬ್ಬಿಯ ಮೇಲೆ ತಯಾರಕರ ಹೆಸರೇ ಇಲ್ಲ.

ಬೇಕಂತಲೇ ಹೀಗೆ ಆರಿಸಿಕೊಂಡೆ. ಒಂದರ ಬಣ್ಣ ಒಣಗುವಷ್ಟರಲ್ಲಿ ಇನ್ನೊಂದಕ್ಕೆ ವಾಟರ್ ಪೇಪರ್ (ಉಜ್ಜುವ ಮರಳು ಕಾಗದ) ಹಿಡಿಯಬಹುದು. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕಿಟ್ ಮತ್ತು ಕಳಪೆ ಕಿಟ್ ನನ್ನಿಂದ ಏನೇನು ಕೇಳುತ್ತವೆ ಅಂತ ಪಕ್ಕಪಕ್ಕದಲ್ಲೇ ಇಟ್ಟು ನೋಡಬೇಕಿತ್ತು.

ಆರ್‌ಝಡ್ ಯಾಕೆ ಅಂದರೆ, ಅದು ನಮ್ಮ ರಾಜ್‌ದೂತ್ 350ಯ ತಮ್ಮ. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಇಲ್ಲಿ ತಂದ ರಾಜ್‌ದೂತ್, ಯಮಹಾದ ಹಳೆಯ ಆರ್‌ಡಿ350. ಗಾಳಿಯಿಂದ ತಣ್ಣಗಾಗುವ ಎಂಜಿನ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್, ಮುಂದೆ ಡ್ರಮ್ ಬ್ರೇಕು. ಅಷ್ಟು ಹೊತ್ತಿಗಾಗಲೇ ಜಪಾನಿನಲ್ಲಿ ಆರ್‌ಝಡ್350 ಓಡಾಡುತ್ತಿತ್ತು. ಬೇರೆ ದೇಶಗಳಲ್ಲಿ ಅದರ ಹೆಸರು ಆರ್‌ಡಿ350 ಎಲ್‌ಸಿ. ಅದೇ 347 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಆದರೆ ಮುಂದೆ ರೇಡಿಯೇಟರ್, ಎರಡು ಡಿಸ್ಕು, ಹಿಂದೆ ಒಂದೇ ಶಾಕ್. ನಮಗೆ ಸಿಗದೇ ಹೋದ ಆ ಬೈಕನ್ನು ಕೈಯಾರೆ ಜೋಡಿಸುವ ಆಸೆ ಬಹಳ ದಿನದ್ದು.

ಜೂನ್, ಕೊನೆಯ ವಾರ

ತಮಿಯಾ ಕಿಟ್ ಬಗ್ಗೆ ಹೇಳೋದು ಕಡಿಮೆ, ಯಾಕೆಂದರೆ ಕೆಲಸ ಸಲೀಸಾಗಿ ಸಾಗಿದೆ. ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಾದ ರನ್ನರ್‌ನಿಂದ ಭಾಗ ಕತ್ತರಿಸಿ, ಅದು ಅಂಟಿಕೊಂಡಿದ್ದ ಗೇಟಿನ ಗುರುತನ್ನು 600ರ ಪೇಪರಿನಲ್ಲಿ (ಅಂಕಿ ಹೆಚ್ಚಿದಷ್ಟೂ ಪೇಪರು ನುಣುಪು) ಉಜ್ಜಿದರೆ ಸಾಕು, ಅಂಟಿಲ್ಲದೆಯೇ ಒಂದಕ್ಕೊಂದು ಕೂರುತ್ತದೆ. ಹಾಗೆ ಅಂಟಿಲ್ಲದೆ ಜೋಡಿಸಿ ನೋಡುವುದೇ ಅರ್ಧ ಕೆಲಸ. ಯಾವ ಭಾಗಕ್ಕೆ ಮೊದಲೇ ಬಣ್ಣ ಹೊಡೆಯಬೇಕು, ಯಾವುದಕ್ಕೆ ಜೋಡಿಸಿದ ಮೇಲೆ ಹೊಡೆಯಬೇಕು ಅನ್ನೋದು ಆಗಲೇ ಗೊತ್ತಾಗುತ್ತದೆ. ಬೈಕಿನಲ್ಲಿ ಇದು ಕಾರಿಗಿಂತ ಜಾಸ್ತಿ ಮುಖ್ಯ. ಕಾರಿನ ಎಂಜಿನ್ನು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ. ಬೈಕಿನಲ್ಲಿ ಎಲ್ಲವೂ ಹೊರಗೇ.

ಟ್ಯಾಂಕಿಗೆ ಮೊದಲು ಬೂದು ಪ್ರೈಮರ್, ಆಮೇಲೆ ಬಿಳಿ ಪ್ರೈಮರ್, ಅದರ ಮೇಲೆ ಬಿಳಿ ಬಣ್ಣ. ಬಿಳಿ ಬಣ್ಣಕ್ಕೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಮ್ಮಿ. ಅವಸರಪಟ್ಟು ದಪ್ಪಗೆ ಹೊಡೆದರೆ ತಗ್ಗಿನಲ್ಲಿ ಶೇಖರವಾಗಿ, ಅಂಚಿನಲ್ಲಿ ಮಾತ್ರ ತೆಳ್ಳಗೆ ಉಳಿಯುತ್ತದೆ. ತೆಳುವಾಗಿ ಹಲವು ಸಲ ಹೊಡೆಯಬೇಕು, ನಡುವೆ ಒಣಗಲು ಬಿಡಬೇಕು.

ಹೆಸರಿಲ್ಲದ ಕಿಟ್ಟನ್ನೂ ತೆರೆದು ನೋಡಿದೆ. ಪ್ಲಾಸ್ಟಿಕ್ಕು ಮೇಣದ ಹಾಗೆ ಜಾರುತ್ತದೆ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಪಾಲಿಸ್ಟೈರೀನ್ ಅಲ್ಲ ಇದು. ಮಾಡೆಲ್ ಸಿಮೆಂಟು ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡನ್ನು ಒಂದಾಗಿಸುತ್ತದೆ. ಇಲ್ಲಿ ಅದು ಮೇಲ್ಮೈ ಮೇಲೆ ಹಾಗೇ ಒಣಗಿ, ಉಗುರಿನಲ್ಲಿ ತಳ್ಳಿದರೆ ಎದ್ದು ಬರುತ್ತದೆ. ಇದನ್ನು ಬಣ್ಣ ಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ. ಇದರ ಟ್ಯಾಂಕು, ಫೇರಿಂಗುಗಳ (ಗಾಳಿ ಸೀಳಲು ಇರುವ ಹೊರಹೊದಿಕೆ) ಬಾಗು ನಿಜವಾದ ಬೈಕಿನ ಬಾಗಿನಂತೆಯೇ ಇರುವುದರಿಂದ, ಚಮಚದ ಬೆನ್ನಿನ ಮೇಲೆ ಹೊಡೆದು ನೋಡುವುದಕ್ಕಿಂತ ಮೇಲು.

ಜುಲೈ, ಎರಡನೇ ವಾರ

ಇನ್ನು ಸಿಬಿ750. ನನ್ನ ಸಂಜೆಗಳೆಲ್ಲ ಈಗ ಇದಕ್ಕೇ ಹೋಗುತ್ತಿವೆ.

1969ರಲ್ಲಿ ಈ ಬೈಕು ಬಂದಾಗ ಸಾಲಾಗಿ ನಾಲ್ಕು ಸಿಲಿಂಡರ್, 736 ಸಿಸಿ, ಮುಂದೆ ಡಿಸ್ಕ್ ಬ್ರೇಕು, ಎಲೆಕ್ಟ್ರಿಕ್ ಸ್ಟಾರ್ಟರು, ಇಷ್ಟೂ ಒಂದೇ ಬೈಕಿನಲ್ಲಿ ಇದ್ದವು. ಅದರ ಅಂದವಿರೋದು ಮೂರು ಕಡೆ: ಎಂಜಿನ್ನಿನ ರೆಕ್ಕೆಗಳು (ಗಾಳಿಗೆ ತಣಿಯಲೆಂದು ಇರುವ ತೆಳು ಪಟ್ಟಿಗಳು), ನಾಲ್ಕು ಕ್ರೋಮ್ ಸೈಲೆನ್ಸರು, ಕಡ್ಡಿ ಚಕ್ರಗಳು. ನನ್ನ ಕಿಟ್ಟಿನಲ್ಲಿ ಈ ಮೂರೇ ಕೆಟ್ಟಿವೆ.

ಅಚ್ಚು ಸವೆದಾಗ ಅದರ ಎರಡು ಭಾಗ ಬಿಗಿಯಾಗಿ ಕೂರುವುದಿಲ್ಲ. ಸಂದಿಯಿಂದ ಪ್ಲಾಸ್ಟಿಕ್ಕು ತೆಳ್ಳಗೆ ಹೊರಬಂದು ಗಟ್ಟಿಯಾಗುತ್ತದೆ. ಇದನ್ನೇ ಫ್ಲಾಶ್ ಅನ್ನುತ್ತೇವೆ. ಎಂಜಿನ್ ರೆಕ್ಕೆಗಳ ನಡುವೆಯೆಲ್ಲ ಅದು ಪೊರೆಯಂತೆ ತುಂಬಿಕೊಂಡಿದೆ. ಆ ಸಂದಿಗೆ ಪೇಪರು ಹೋಗುವುದಿಲ್ಲ. ಬ್ಲೇಡಿನ ಬೆನ್ನಿನಿಂದ ಒಂದೊಂದೇ ಸಂದಿಯನ್ನು ಕೆರೆಯುತ್ತಿದ್ದೇನೆ. ಚೂಪಾದ ಕಡೆಯಿಂದ ಮಾಡಿದರೆ ರೆಕ್ಕೆಗೇ ಕಚ್ಚಿಬಿಡುತ್ತದೆ. ಕೆರೆದ ಮೇಲೆ ಬೆಳ್ಳಿ ಬಣ್ಣ ಹೊಡೆದು, ಸಂದಿಗೆ ನೀರಾದ ಕಪ್ಪು ಇಳಿಬಿಟ್ಟರೆ ರೆಕ್ಕೆಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ.

ಸೈಲೆನ್ಸರುಗಳನ್ನು ಎರಡೆರಡು ಹೋಳಾಗಿ ಕೊಟ್ಟಿದ್ದಾರೆ, ಅದೂ ಕ್ರೋಮ್ ಲೇಪಿಸಿ. ಇದು ದೊಡ್ಡ ತಲೆನೋವು. ಕ್ರೋಮ್ ಮೇಲೆ ಸಿಮೆಂಟು ಹಿಡಿಯುವುದಿಲ್ಲ, ಅಂಟಿಸುವ ಅಂಚಿನ ಲೇಪ ಕೆರೆಯಲೇಬೇಕು. ಕೆರೆದು ಅಂಟಿಸಿದರೆ ಸೈಲೆನ್ಸರಿನ ಉದ್ದಕ್ಕೂ ಗೆರೆ ಕಾಣುತ್ತದೆ. ಗೆರೆಯನ್ನು ಉಜ್ಜಿದರೆ ಕ್ರೋಮೇ ಹೋಗುತ್ತದೆ. ಹಾಗಾಗಿ ಲೇಪವನ್ನು ಪೂರ್ತಿ ತೆಗೆಯುವುದೇ ಸರಿ. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಮುಳುಗಿಸಿಟ್ಟರೆ ಹೊಳಪೆಲ್ಲ ಕಳಚಿಕೊಳ್ಳುತ್ತದೆ. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಆ ಬ್ಲೀಚಿಗೆ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಆಮೇಲೆ ಹೋಳುಗಳನ್ನು ಸೇರಿಸಿ, ಸಂದಿಗೆ ಪುಟ್ಟಿ ತುಂಬಿ, 400, 600, 1000, 2000 ಹೀಗೆ ನುಣುಪಾಗಿಸುತ್ತಾ ಹೋಗಬೇಕು. ಅದರ ಮೇಲೆ ಹೊಳೆಯುವ ಕಪ್ಪು, ಕಪ್ಪಿನ ಮೇಲೆ ಕ್ರೋಮ್ ಬಣ್ಣ ತೀರಾ ತೆಳುವಾಗಿ. ಕ್ರೋಮಿನ ಹೊಳಪು ಬರೋದು ಕೆಳಗಿನ ಕಪ್ಪಿನಿಂದ. ಕಪ್ಪು ಕನ್ನಡಿಯಂತಿಲ್ಲದಿದ್ದರೆ ಮೇಲಿನದು ಬರೀ ಬೂದು ಬಣ್ಣವಾಗಿ ಕಾಣುತ್ತದೆ. ಈ ಕ್ರಮವನ್ನು ಮೊದಲು ಹೆಸರಿಲ್ಲದ ಕಿಟ್ಟಿನ ಫೇರಿಂಗ್ ಮೇಲೆ ಪರೀಕ್ಷೆ ಮಾಡಿದೆ. ಚೆನ್ನಾಗಿ ಬಂತು.

ಜುಲೈ, ಕೊನೆ

ಬೆಂಗಳೂರಿನಲ್ಲಿ ಜಡಿಮಳೆ. ಥಿನ್ನರ್ ಬೆರೆಸುವ ಲ್ಯಾಕರ್ ಬಣ್ಣ ಹೊಡೆಯುವ ಹಾಗಿಲ್ಲ. ಥಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅದರ ಮೇಲೆ ಕೂತು ಬಿಳಿಯಾಗಿ ಮಂಕು ಹಿಡಿಯುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಸ್ವಲ್ಪ ತಡೆಯಬಹುದು. ಆದರೂ ಟ್ಯಾಂಕಿನಂಥ ಕಣ್ಣಿಗೆ ಬೀಳುವ ಭಾಗಕ್ಕೆ ಬಿಸಿಲಿನ ದಿನವೇ ಬೇಕು.

ಹಾಗಾಗಿ ಈಗ ಚಕ್ರದ ಕೆಲಸ. ಕಿಟ್ಟಿನ ಕಡ್ಡಿಗಳು 0.6 ಮಿಲಿಮೀಟರ್ ದಪ್ಪ ಇವೆ. ಹನ್ನೆರಡರಿಂದ ಗುಣಿಸಿ ನೋಡಿ, ನಿಜವಾದ ಬೈಕಿನಲ್ಲಿ ಏಳು ಮಿಲಿಮೀಟರಿಗಿಂತ ದಪ್ಪದ ಸರಳಾಯಿತು. ಇಂಥ ಬೈಕಿಗೆ ಅಷ್ಟು ದಪ್ಪ ಕಡ್ಡಿ ಇರೋದಿಲ್ಲ. ಅಕೂಸ್ಟಿಕ್ ಗಿಟಾರಿನ ಲೈಟ್ ಸೆಟ್ಟಿನಲ್ಲಿ ಮೊದಲ ತಂತಿ 0.012 ಇಂಚು, ಅಂದರೆ 0.3 ಮಿಲಿಮೀಟರ್. ಹನ್ನೆರಡು ಪಟ್ಟು ಮಾಡಿದರೆ 3.6. ಇದು ಸರಿಯಾದ ಲೆಕ್ಕ. ಉಕ್ಕಿನ ತಂತಿ ನೆಟ್ಟಗೆ ನಿಲ್ಲುತ್ತದೆ, ಹೊಳಪೂ ಇದೆ, ಬಣ್ಣ ಬೇಕಿಲ್ಲ.

ಪ್ಲಾಸ್ಟಿಕ್ ಕಡ್ಡಿಗಳನ್ನು ಕತ್ತರಿಸಿ ರಿಮ್ಮು ಮತ್ತು ಹಬ್ ಮಾತ್ರ ಉಳಿಸಿಕೊಂಡೆ. ಮರದ ಹಲಗೆಯ ಮೇಲೆ ವೃತ್ತ ಬರೆದು, ರಿಮ್ಮನ್ನು ಮೊಳೆಗಳ ನಡುವೆ ಕೂರಿಸಿ, ಹಬ್ಬನ್ನು ಸರಿಯಾಗಿ ನಡುವೆ ನಿಲ್ಲಿಸಿದೆ. ಕಡ್ಡಿ ನೇರವಾಗಿ ಹಬ್ಬಿನಿಂದ ಹೊರಕ್ಕೆ ಹೋಗುವುದಿಲ್ಲ. ಓರೆಯಾಗಿ ಹೊರಟು, ಎದುರಿನಿಂದ ಬರುವ ಕಡ್ಡಿಯನ್ನು ದಾಟಿ ರಿಮ್ಮು ಸೇರುತ್ತದೆ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ ಎರಡನ್ನೂ ತಾಳಿಕೊಳ್ಳಲು ಹಾಗೆ ಕಟ್ಟುತ್ತಾರೆ. ಈ ಓರೆ ಎಷ್ಟು ಅಂತ ಡಬ್ಬಿಯ ಕಾಗದದಲ್ಲಿ ಇಲ್ಲ. ಅದಕ್ಕೇ ನಮ್ಮ ಬೀದಿಯ ಗ್ಯಾರೇಜಿಗೆ ಹೋಗಿ, ಅಲ್ಲಿ ಕಳಚಿಟ್ಟಿದ್ದ ಬುಲೆಟ್ ಚಕ್ರವನ್ನು ನೋಡುತ್ತಾ ಕೂತೆ.

ಕೈಯಲ್ಲಿ ಆರ್‌ಝಡ್ ಇತ್ತು. ಗ್ಯಾರೇಜಿನ ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟೋ ರಾಜ್‌ದೂತ್ ಎಂಜಿನ್ ಬಿಚ್ಚಿದವರು ಅವರು. "ಹಿಂದುಗಡೆ ಇನ್ನೊಂದು ಶಾಕ್ ಎಲ್ಲಪ್ಪ? ಎರಡು ಇರ್ಬೇಕಲ್ವಾ?" ಅಂದರು.

"ಇದು ಆರ್‌ಝಡ್ ಅಣ್ಣ. ಒಂದೇ ಶಾಕು, ಸೀಟಿನ ಕೆಳಗೆ ಹೋಗುತ್ತೆ ನೋಡಿ."

ಬಗ್ಗಿ ನೋಡಿದರು. ರೇಡಿಯೇಟರ್ ಮೇಲೆ ಬೆರಳಿಟ್ಟು, "ಇದೊಂದು ನಮಗೆ ಬಂದಿದ್ರೆ!" ಅಂದರು. ಆಮೇಲೆ ಒಂದು ಚಕ್ರ ತೆಗೆದುಕೊಂಡು ಕಡ್ಡಿ ಕಟ್ಟುವ ಕ್ರಮವನ್ನು ಪೂರ್ತಿ ತೋರಿಸಿಕೊಟ್ಟರು.

ತಮಿಯಾ ಕಿಟ್ ಮಾಡುವಾಗ ನಾನು ಗ್ಯಾರೇಜಿಗೆ ಹೋಗಬೇಕಾಗಿ ಬರಲಿಲ್ಲ. ಅವರ ಎಂಜಿನಿಯರ್‌ಗಳು ನನ್ನ ಪರವಾಗಿ ನೋಡಿ, ಅಳೆದು ಮುಗಿಸಿದ್ದರು. ಕಿಟ್ ಕಳಪೆಯಾದಷ್ಟೂ ನಿಜವಾದ ಬೈಕನ್ನು ನಾನೇ ನೋಡಬೇಕಾಗುತ್ತದೆ. ಸಿಬಿ750ಯ ಕೇಬಲ್ಲುಗಳು ಎಲ್ಲಿಂದ ಹೊರಟು ಎಲ್ಲಿ ಸೇರುತ್ತವೆ ಅಂತ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಆರ್‌ಝಡ್ ಬಗ್ಗೆ ಅಷ್ಟು ಹೇಳಲಾರೆ. ಹೊಸಬರು ಒಳ್ಳೆಯ ಕಿಟ್ಟಿನಿಂದಲೇ ಶುರು ಮಾಡಲಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬೈಕು ಪ್ರೀತಿಸುವವರು ಒಂದಾದರೂ ಕಷ್ಟದ ಕಿಟ್ ಮುಗಿಸಬೇಕು ಅನ್ನಿಸುತ್ತದೆ.

ಆಗಸ್ಟ್, ಮೂರನೇ ವಾರ

ಆರ್‌ಝಡ್ ಮುಗಿಯಿತು. ಟ್ಯಾಂಕಿನ ಪಟ್ಟಿ ಡೆಕಲ್‌ಗಳು (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಗಳು) ಬಾಗಿನ ಮೇಲೆ ಮೊದಲು ಸುಕ್ಕಾದವು. ಅವನ್ನು ಮೆತ್ತಗಾಗಿಸುವ ಸಾಫ್ಟನರ್ ದ್ರವ ಹಚ್ಚಿ ಮುಟ್ಟದೆ ಬಿಟ್ಟೆ, ತಾವಾಗೇ ಇಳಿದು ಕೂತವು. ಆ ಹೊತ್ತಿನಲ್ಲಿ ಬೆರಳು ತಾಗಿಸಲೇಬಾರದು, ಡೆಕಲ್ ನೆನೆದ ಹಪ್ಪಳದಷ್ಟು ಮೆತ್ತಗಿರುತ್ತದೆ. ಟೈರುಗಳ ನಡುವಿನ ಅಚ್ಚಿನ ಗೆರೆಯನ್ನು ಪೇಪರಿನಲ್ಲಿ ಉಜ್ಜಿ ತೆಗೆದಿದ್ದೇನೆ. ಹೊಳಪು ಹೋಗಿ, ಸ್ವಲ್ಪ ಓಡಿದ ಟೈರಿನಂತೆ ಕಾಣುತ್ತದೆ.

ಸಿಬಿ750ಗೆ ಬಿಸಿಲಿನ ದಿನವೊಂದು ಸಿಕ್ಕಿತು, ಕ್ಯಾಂಡಿ ನೀಲಿ-ಹಸಿರು ಹೊಡೆದೆ. ಕೆಳಗೆ ಬೆಳ್ಳಿ, ಮೇಲೆ ಪಾರದರ್ಶಕ ಬಣ್ಣ. ಪ್ರತಿ ಪದರಕ್ಕೂ ಬಣ್ಣ ಗಾಢವಾಗುತ್ತದೆ. ಮೊದಲ ಮಾಡೆಲ್ಲಿನಲ್ಲಿ ಟ್ಯಾಂಕು ಮತ್ತು ಸೈಡ್ ಕವರಿನ ಜೊತೆಗೆ ಹೆಡ್‌ಲೈಟಿನ ಬುಟ್ಟಿಗೂ ಅದೇ ಬಣ್ಣ. ಅದಕ್ಕೇ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಡ್ಡಿಗೆ ಸಿಕ್ಕಿಸಿ, ಎಲ್ಲಕ್ಕೂ ಒಂದೇ ಲೆಕ್ಕದಲ್ಲಿ ಹೊಡೆದೆ. ಒಂದಕ್ಕೆ ಒಂದು ಪದರ ಹೆಚ್ಚಾದರೂ ಜೋಡಿಸಿದಾಗ ಬೇರೆ ಬೈಕಿನ ಭಾಗದಂತೆ ಕಾಣುತ್ತದೆ.

ಮುಂದಿನ ಚಕ್ರ ಆಯಿತು, ತಿರುಗಿಸಿದರೆ ಓಲಾಡುವುದಿಲ್ಲ. ಹಿಂದಿನದು ಅರ್ಧ ಆಗಿದೆ. ಕೇಬಲ್ಲುಗಳಿಗೆ ಇಲ್ಲಿನ ಎಸ್‌ಪಿ ರೋಡಿನ ಅಂಗಡಿಯಿಂದ 0.5 ಮಿಲಿಮೀಟರಿನ ಸೋಲ್ಡರ್ ತಂತಿ ತಂದಿದ್ದೇನೆ. ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಕಪ್ಪು ಬಣ್ಣ ಹೊಡೆದರೆ ಸಾಕು.

ಇದಾದ ಮೇಲೆ ಪ್ರೋಟಾರ್ ಕಂಪನಿಯ ಹಳೆಯ 1/9 ಕಿಟ್ಟೊಂದನ್ನು ಹುಡುಕಬೇಕು. ಆ ಕಂಪನಿಯನ್ನು ಕಟ್ಟಿದವರು ಇಟಲಿಯ ರೇಸರ್ ತಾರ್ಕ್ವೀನಿಯೋ ಪ್ರೊವೀನಿ. 1957ರಲ್ಲಿ 125 ಸಿಸಿ, 1958ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್. 1966ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬೈಕಿನಿಂದ ಬಿದ್ದು ಅವರ ರೇಸಿಂಗ್ ಬದುಕು ಮುಗಿಯಿತು. ತಾವು ಓಡಿಸಿದ ಕಾಲದ ಬೈಕುಗಳನ್ನು ಕಿಟ್ ಮಾಡಿದವರು ಅವರು. ಆ ಅಚ್ಚುಗಳಲ್ಲಿ ಕೆಲವನ್ನು ಇಟಲಿಯ ಇಟಲೇರಿ ಕಂಪನಿ ಮತ್ತೆ ತಂದಿದೆ. ಓಡಿಸಿದವರ ಕಣ್ಣು ಆ ಭಾಗಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಅಂತ ನೋಡುವ ಆಸೆ.

ಅದಕ್ಕೂ ಮೊದಲು ಹಿಂದಿನ ಚಕ್ರ. ಆಮೇಲೆ ಚೈನು, ಸೈಲೆನ್ಸರುಗಳು, ಕೊನೆಗೆ ಕೇಬಲ್ಲು. ಟ್ಯಾಂಕಿನ ಕ್ಲಿಯರ್ ಕೋಟು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಮಳೆ ನಿಂತ ಮೇಲೆ.